ಕಡಲ ಹಕ್ಕಿಯ ಗೂಡು, ಕಗ್ಗಲಡುವಿನ ಹುಣಸೆ ಮರ: ಮ್ಯಾಕ್ಸೆಂಟ್ ಸಾಫ್ಟ್‌ವೇರ್ ಬಳಸಿ ನೋಡಿದ ಮೇಲೆ

ಮ್ಯಾಕ್ಸೆಂಟ್ ಸಾಫ್ಟ್‌ವೇರ್ ಬಗ್ಗೆ ಕನ್ನಡದಲ್ಲಿ ಯಾರಾದರೂ ವಿವರವಾಗಿ ಬರೆದಿದ್ದಾರಾ ಅಂತ ಹುಡುಕಿದೆ, ನನಗೆ ಸಿಗಲಿಲ್ಲ. ಅದಕ್ಕೇ ನಾನೇ ಬರೆಯುತ್ತಿದ್ದೇನೆ. ಮೊದಲೇ ಹೇಳಿಬಿಡುತ್ತೇನೆ, ಐದಕ್ಕೆ ನಾಲ್ಕು ಸ್ಟಾರ್. ಒಂದು ರೂಪಾಯಿ ಖರ್ಚಿಲ್ಲ, ಹಳೇ ಲ್ಯಾಪ್‌ಟಾಪಿನಲ್ಲೂ ಓಡುತ್ತದೆ, ತುಮಕೂರಿನ ಡಿಗ್ರಿ ಕಾಲೇಜಿನಲ್ಲಿ ನಾನು ಪ್ರಾಣಿಶಾಸ್ತ್ರ ಹೇಳಿಕೊಡುವ ಮಕ್ಕಳು ಸ್ವಲ್ಪ ಕೂತರೆ ಕಲಿತುಬಿಡುತ್ತಾರೆ. ಆ ಒಂದು ಸ್ಟಾರ್ ಯಾಕೆ ಹಿಡಿದಿಟ್ಟೆ ಅನ್ನುವುದಕ್ಕೆ ದೊಡ್ಡ ಕಾರಣ ಇದೆ. ಈ ಬರಹದ ಮುಕ್ಕಾಲು ಭಾಗ ಅದೇ.

ಏನು ಮಾಡುತ್ತದೆ ಇದು? ಒಂದು ಹಕ್ಕಿಯೋ ಗಿಡವೋ ಎಲ್ಲೆಲ್ಲಿ ಕಂಡಿದೆ ಅನ್ನುವ ಪಟ್ಟಿ ಕೊಡಬೇಕು. ಆ ಪ್ರದೇಶದ ಮಳೆ, ಬಿಸಿಲು, ನೆಲದ ಎತ್ತರ, ಮರಗಳ ಎತ್ತರ ಇಂಥ ನಕ್ಷೆಗಳನ್ನೂ ಕೊಡಬೇಕು. ಹಕ್ಕಿ ಕಂಡ ಜಾಗಗಳಲ್ಲಿ ಏನೇನು ಸಮಾನವಾಗಿದೆ, ಸುತ್ತಲಿನ ಬೇರೆ ಜಾಗಗಳಿಗಿಂತ ಅವು ಹೇಗೆ ಬೇರೆ ಅಂತ ಲೆಕ್ಕ ಹಾಕಿ, ಇನ್ನೂ ಯಾರೂ ಹೋಗಿ ನೋಡದ ಜಾಗಗಳಲ್ಲಿ ಯಾವುದು ಅದಕ್ಕೆ ಹೊಂದುತ್ತದೆ ಅಂತ ಬಣ್ಣದ ನಕ್ಷೆ ಮಾಡಿ ಕೊಡುತ್ತದೆ. ನಮ್ಮ ಕಡೆ ನೀರು ಬಿದ್ದ ಬೋರ್‌ವೆಲ್‌ಗಳನ್ನೆಲ್ಲ ನೋಡಿಕೊಂಡು ಮುಂದಿನದನ್ನು ಎಲ್ಲಿ ಕೊರೆಸೋಣ ಅಂತ ಅಂದಾಜು ಮಾಡುತ್ತಾರಲ್ಲ, ಕೆಲಸ ಹೆಚ್ಚುಕಡಿಮೆ ಅದೇ. ಇದನ್ನು ಮಾಡಿದವರು ಸ್ಟೀವನ್ ಫಿಲಿಪ್ಸ್, ಮಿರೋಸ್ಲಾವ್ ಡುಡಿಕ್ ಮತ್ತು ರಾಬರ್ಟ್ ಶಾಪೈರ್. ಫಿಲಿಪ್ಸ್ ಮತ್ತು ಜೊತೆಗಾರರ 2006ರ ಪ್ರಬಂಧ ಬಂದ ಮೇಲೆ ಜಗತ್ತಿನಲ್ಲೆಲ್ಲ ಬಳಕೆ ಶುರುವಾಯಿತು. ಅಮೆರಿಕನ್ ಮ್ಯೂಸಿಯಂ ಆಫ್ ನ್ಯಾಚುರಲ್ ಹಿಸ್ಟರಿಯ ವೆಬ್‌ಸೈಟಿನಿಂದ ಇಳಿಸಿಕೊಳ್ಳಬಹುದು. ಈಗ ಅದರ ಒಳಗಿನ ಕೋಡ್ ಕೂಡ ಎಲ್ಲರಿಗೂ ಮುಕ್ತ.

ಕಲಿಯುವುದಕ್ಕೆ ಅಂತ ಅದರ ಜೊತೆ ಒಂದು ಪಾಠವೂ ಇದೆ. ದಕ್ಷಿಣ ಅಮೆರಿಕದ ಸ್ಲಾತ್ ಪ್ರಾಣಿ ಸಿಕ್ಕ 116 ಜಾಗಗಳು, ನಕ್ಷೆಗಳು ಎಲ್ಲ ತಯಾರಾಗಿಯೇ ಸಿಗುತ್ತವೆ. ಮೊದಲ ದಿನಕ್ಕೆ ಅದು ಸಾಕು. ಆದರೆ ತಯಾರಾದ ಅಡುಗೆ ಬಡಿಸಿಕೊಂಡರೆ ಕಲಿಯುವುದು ಕಡಿಮೆ. ಅದಕ್ಕೆ ನಾನು ಮಕ್ಕಳಿಗೆ ಒಂದು ಹಕ್ಕಿ ಕೊಟ್ಟೆ, ಮಾರ್ಬಲ್ಡ್ ಮುರ್‌ಲೆಟ್ ಅನ್ನುವ ಅಮೆರಿಕದ ಕಡಲ ಹಕ್ಕಿ.

"ಮೇಡಂ, ನಮ್ಮ ಜಿಲ್ಲೇಲಿ ಸಮುದ್ರವೇ ಇಲ್ಲ, ಕಡಲ ಹಕ್ಕಿ ತಗೊಂಡು ಏನು ಮಾಡೋದು?" ಅಂತ ಶಿರಾ ಕಡೆಯ ಹುಡುಗಿಯೊಬ್ಬಳು ಕೇಳಿದಳು. ಒಳ್ಳೇ ಪ್ರಶ್ನೆ. ಶಿರಾ ತಾಲ್ಲೂಕಿನ ಕಗ್ಗಲಡುವಿನಿಂದಲೇ ಉತ್ತರ ಶುರು ಮಾಡಬೇಕಾಯಿತು. ಅಲ್ಲಿ ಬಣ್ಣದ ಕೊಕ್ಕರೆಗಳು ಊರೊಳಗಿನ ಹುಣಸೆ ಮರಗಳ ಮೇಲೆ ಗೂಡು ಕಟ್ಟುತ್ತವೆ. ಊಟ ಕೆರೆಯಲ್ಲಿ, ಮನೆ ಮರದ ಮೇಲೆ. ಮುರ್‌ಲೆಟ್ ಕೂಡ ಹಾಗೇ. ಊಟ ಕಡಲಿನಲ್ಲಿ, ಗೂಡು ಕಾಡಿನಲ್ಲಿ. ಊಟದ ಜಾಗ ಒಂದು, ಮರಿ ಮಾಡುವ ಜಾಗ ಇನ್ನೊಂದು ಆಗಿರುವ ಹಕ್ಕಿಯ ಲೆಕ್ಕ ಹಾಕುವಾಗ ಸಾಫ್ಟ್‌ವೇರ್ ಎಲ್ಲೆಲ್ಲಿ ಎಡವುತ್ತದೆ ಅನ್ನುವುದು ಈ ಹಕ್ಕಿಯಲ್ಲಿ ಕಾಣುವಷ್ಟು ಸ್ಪಷ್ಟವಾಗಿ ಬೇರೆಲ್ಲೂ ನನಗೆ ಕಂಡಿಲ್ಲ.

ಹಕ್ಕಿಯ ಬಗ್ಗೆ ಸ್ವಲ್ಪ ಹೇಳಲೇಬೇಕು, ಅಷ್ಟು ಚಂದದ ಕತೆ ಅದು. ಅಲಾಸ್ಕಾದಿಂದ ಕ್ಯಾಲಿಫೋರ್ನಿಯಾದ ಮಧ್ಯದವರೆಗೆ ಪೆಸಿಫಿಕ್ ಕರಾವಳಿಯಲ್ಲಿ ಇರುವ ಪುಟ್ಟ ಹಕ್ಕಿ. ಉದ್ದ ಒಂದು ಅಡಿಯೂ ಇಲ್ಲ, ತೂಕ ಕಾಲು ಕೆಜಿಗಿಂತ ಕಡಿಮೆ. ನೀರಿಗೆ ಮುಳುಗಿ ಸಣ್ಣ ಮೀನು ಹಿಡಿಯುತ್ತದೆ. ವಿಜ್ಞಾನಿಗಳು ಇದಕ್ಕೆ ಹೆಸರಿಟ್ಟಿದ್ದು 1789ರಲ್ಲಿ. ಕಡಲಿನ ಮೇಲೆ ಎಲ್ಲರೂ ನೋಡುತ್ತಿದ್ದರು, ಗೂಡು ಮಾತ್ರ ಯಾರಿಗೂ ಸಿಗಲಿಲ್ಲ. ಕೊನೆಗೆ 1974ರಲ್ಲಿ ಕ್ಯಾಲಿಫೋರ್ನಿಯಾದ ಬಿಗ್ ಬೇಸಿನ್ ರೆಡ್‌ವುಡ್ಸ್ ಉದ್ಯಾನದಲ್ಲಿ ಮರದ ಕೆಲಸಕ್ಕೆ ಹತ್ತಿದ್ದ ಒಬ್ಬರಿಗೆ, ಡಗ್ಲಸ್ ಫರ್ ಮರದ ಮೇಲೆ ನೆಲದಿಂದ ಸುಮಾರು 45 ಮೀಟರ್ ಎತ್ತರದಲ್ಲಿ, ಒಂದು ಮರಿ ಕಂಡಿತು. ಪಕ್ಷಿತಜ್ಞರು ಅಷ್ಟು ವರ್ಷ ಹುಡುಕಿದ್ದನ್ನು ಮರ ಹತ್ತುವ ಕೆಲಸದವರು ಕಂಡುಹಿಡಿದರು. ಊರಿನವರು, ಕೆಲಸದವರು ಹೇಳುವ ಮಾತಿಗೆ ಎಷ್ಟು ಬೆಲೆ ಇದೆ ಅಂತ ನಾನು ಪ್ರತಿ ಬ್ಯಾಚಿಗೂ ಈ ಕತೆ ಹೇಳುತ್ತೇನೆ.

ಗೂಡು ಅಂದರೂ ಕಡ್ಡಿ ಸೇರಿಸಿ ಕಟ್ಟಿದ ಗೂಡಲ್ಲ. ಹಳೇ ಕಾಡಿನ ದೈತ್ಯ ಮರಗಳು, ರೆಡ್‌ವುಡ್, ಡಗ್ಲಸ್ ಫರ್, ಸಿಟ್ಕಾ ಸ್ಪ್ರೂಸ್, ವೆಸ್ಟರ್ನ್ ಹೆಮ್‌ಲಾಕ್ ಇಂಥವು. ಅವುಗಳ ದಪ್ಪ ಕೊಂಬೆಯ ಮೇಲೆ ಹಾವಸೆ ಬೆಳೆದು ಮೆತ್ತಗೆ ಆಗಿರುತ್ತದೆ. ಆ ಹಾವಸೆಯಲ್ಲಿ ಒಂದು ಸಣ್ಣ ತಗ್ಗು, ಅದರಲ್ಲಿ ಒಂದೇ ಒಂದು ಮೊಟ್ಟೆ. ಅಪ್ಪ ಅಮ್ಮ ಸುಮಾರು ಒಂದು ತಿಂಗಳು ಕಾವು ಕೊಡುತ್ತವೆ, ಒಂದು ದಿನ ಒಬ್ಬರು, ಮರುದಿನ ಇನ್ನೊಬ್ಬರು, ಪಾಳಿ ಬದಲಾಗುವುದು ನಸುಕಿನಲ್ಲಿ. ಕಡಲಿನಿಂದ 80 ಕಿಲೋಮೀಟರ್ ಒಳಗಿನ ಕಾಡಿನವರೆಗೂ ಹೋಗಿ ಗೂಡು ಮಾಡಿದ ದಾಖಲೆ ಇದೆ. ಅಂದರೆ ತುಮಕೂರಿನಿಂದ ಬೆಂಗಳೂರು ದಾಟಿ ಸ್ವಲ್ಪ ಮುಂದೆ. ಅಷ್ಟು ದೂರದಿಂದ ಕೊಕ್ಕಿನಲ್ಲಿ ಒಂದು ಮೀನು ಅಡ್ಡ ಹಿಡಿದುಕೊಂಡು ಹಾರಿಬಂದು ಮರಿಗೆ ಕೊಟ್ಟು ಹೋಗಬೇಕು. ಮರಿ ದೊಡ್ಡದಾದ ಮೇಲೆ ಯಾರೂ ದಾರಿ ತೋರಿಸುವುದಿಲ್ಲ, ಒಂದೇ ಸಲಕ್ಕೆ ಸೀದಾ ಕಡಲಿಗೆ ಹಾರಿಬಿಡುತ್ತದೆ. ನನಗೆ ಇದನ್ನು ಹೇಳುವಾಗ ಇವತ್ತಿಗೂ ಮೈ ಜುಮ್ ಅನ್ನುತ್ತದೆ.

ಹಳೇ ಕಾಡು ಕಡಿದು ಹೋದ ಹಾಗೆ ಹಕ್ಕಿಯೂ ಕಡಿಮೆ ಆಯಿತು. ಅಮೆರಿಕ ಸರ್ಕಾರ 1992ರಲ್ಲಿ ವಾಷಿಂಗ್ಟನ್, ಒರೆಗಾನ್, ಕ್ಯಾಲಿಫೋರ್ನಿಯಾ ರಾಜ್ಯಗಳಲ್ಲಿ ಇದನ್ನು ಅಪಾಯದಲ್ಲಿರುವ ಹಕ್ಕಿ ಅಂತ ಕಾನೂನಿನ ಪಟ್ಟಿಗೆ ಸೇರಿಸಿತು. 1994ರಲ್ಲಿ ಆ ಕಡೆಯ ಕೇಂದ್ರ ಸರ್ಕಾರದ ಕಾಡುಗಳಿಗೆ ನಾರ್ತ್‌ವೆಸ್ಟ್ ಫಾರೆಸ್ಟ್ ಪ್ಲಾನ್ ಅನ್ನುವ ಯೋಜನೆ ಬಂತು. ಆಮೇಲೆ ಒಂದು ದೊಡ್ಡ ಪ್ರಶ್ನೆ. ಈ ಹಕ್ಕಿಗೆ ಆಗುವ ಕಾಡು ಎಷ್ಟು ಉಳಿದಿದೆ, ವರ್ಷ ಕಳೆದ ಹಾಗೆ ಜಾಸ್ತಿ ಆಗುತ್ತಿದೆಯಾ ಕಡಿಮೆ ಆಗುತ್ತಿದೆಯಾ? ಗೂಡು ಎಣಿಸಿ ಹೇಳೋಣ ಅಂದರೆ ಗೂಡು ಕಾಣುವುದೇ ಇಲ್ಲ. ಆದ್ದರಿಂದ ಅಲ್ಲಿನ ಸಂಶೋಧಕರು ಮ್ಯಾಕ್ಸೆಂಟ್ ಹಿಡಿದರು. 30 ಮೀಟರ್ ಚೌಕಗಳಾಗಿ ಕಾಡನ್ನು ಹಂಚಿ, ಮರಗಳ ಗಾತ್ರ, ಕಾಡಿನ ವಯಸ್ಸು, ಎಲೆಯ ಹೊದಿಕೆ ಎಷ್ಟು ಪದರ ಇದೆ, ಮೊಟ್ಟೆ ಇಡುವಂಥ ಕೊಂಬೆಗಳು ಎಷ್ಟಿರಬಹುದು ಇಂಥ ಅಂದಾಜುಗಳನ್ನು ಕೊಟ್ಟು ನಕ್ಷೆ ಮಾಡಿದರು. 1993ರಿಂದ 2012ರ ಒಳಗೆ ಆ ಮೂರು ರಾಜ್ಯಗಳಲ್ಲಿ ಗೂಡಿಗೆ ಒಳ್ಳೆಯದಾದ ಕಾಡು ಸುಮಾರು ಶೇಕಡಾ 12ರಷ್ಟು ಕಡಿಮೆ ಆಗಿದೆ ಅಂತ ಲೆಕ್ಕ ಸಿಕ್ಕಿತು. ಕೇಂದ್ರ ಸರ್ಕಾರದ ಕಾಡಿನಲ್ಲಿ ನಷ್ಟ ಸ್ವಲ್ಪವೇ, ಅದರಲ್ಲಿ ಹೆಚ್ಚಿನದು ಕಾಡ್ಗಿಚ್ಚಿನಿಂದ. ಖಾಸಗಿ ಮತ್ತು ರಾಜ್ಯಗಳ ಜಮೀನಿನಲ್ಲಿ ಕಾಲು ಭಾಗಕ್ಕೂ ಜಾಸ್ತಿ ಹೋಯಿತು, ಅದು ಮರ ಕಡಿದದ್ದರಿಂದ. ಎಲ್ಲಿ ಹೋಯಿತು, ಯಾಕೆ ಹೋಯಿತು ಅಂತ ಬೆರಳಿಟ್ಟು ತೋರಿಸುವಂಥ ಉತ್ತರ ಇದು. ಬರಿಗೈಯಲ್ಲಿ ಕಾಡು ಉಳಿಸಿ ಅಂದರೆ ಯಾರೂ ಕೇಳುವುದಿಲ್ಲ, ಇಂಥ ನಕ್ಷೆ ಮೇಜಿನ ಮೇಲಿಟ್ಟರೆ ಮಾತು ಶುರುವಾಗುತ್ತದೆ.

ಸರಿ, ಈಗ ಸಾಫ್ಟ್‌ವೇರಿಗೆ ಬರೋಣ. ಜಾವಾ ಇರಬೇಕು, ಅಷ್ಟೇ. ಇನ್‌ಸ್ಟಾಲ್ ಮಾಡುವ ರಗಳೆ ಇಲ್ಲ. ಜಿಪ್ ಬಿಚ್ಚಿ ಫೈಲ್ ಮೇಲೆ ಎರಡು ಸಲ ಒತ್ತಿದರೆ ಬೂದು ಬಣ್ಣದ ಒಂದು ಕಿಟಕಿ ತೆರೆಯುತ್ತದೆ. ನೋಡಲು ಇಪ್ಪತ್ತು ವರ್ಷ ಹಳೆಯದರ ಹಾಗಿದೆ, ಆದರೆ ಎಲ್ಲವೂ ಕಣ್ಣೆದುರೇ ಇದೆ. ಎಡಗಡೆ ಹಕ್ಕಿ ಕಂಡ ಜಾಗಗಳ ಫೈಲ್, ಬಲಗಡೆ ನಕ್ಷೆಗಳ ಫೋಲ್ಡರ್, ಕೆಳಗೆ ಫಲಿತಾಂಶ ಎಲ್ಲಿಡಬೇಕು ಅನ್ನುವ ಜಾಗ, ಆಮೇಲೆ ರನ್ ಬಟನ್. ಮೆನು ಒಳಗೆ ಮೆನು ಹುಡುಕಿಕೊಂಡು ಅಲೆಯಬೇಕಾಗಿಲ್ಲ. ಇದಕ್ಕೆ ನನ್ನ ಪೂರ್ತಿ ಅಂಕ.

ಜಾಗಗಳ ಫೈಲ್ ಸುಲಭ. ಎಕ್ಸೆಲ್‌ನಲ್ಲಿ ಮೂರು ಕಾಲಂ ಮಾಡಿ ಸಿಎಸ್‌ವಿ ಆಗಿ ಉಳಿಸಿದರೆ ಆಯಿತು. ಮೊದಲು ಹೆಸರು, ಆಮೇಲೆ ರೇಖಾಂಶ, ಆಮೇಲೆ ಅಕ್ಷಾಂಶ. ನಮಗೆ ಬಾಯಲ್ಲಿ ಅಕ್ಷಾಂಶ ಮೊದಲು ಬರುತ್ತದೆ, ಇಲ್ಲಿ ಉಲ್ಟಾ, ಅದು ನೆನಪಿರಲಿ. ಇನ್ನೊಂದು, ನಮ್ಮ ತುಮಕೂರು 77.1, 13.3. ಬಿಗ್ ಬೇಸಿನ್ ಮೈನಸ್ 122.2, 37.2. ಅಮೆರಿಕ ಪಶ್ಚಿಮ ರೇಖಾಂಶ ಆದ್ದರಿಂದ ಮೈನಸ್ ಗುರುತು ಬೇಕೇ ಬೇಕು. ಅದು ಬಿಟ್ಟುಹೋದರೆ ಕ್ಯಾಲಿಫೋರ್ನಿಯಾದ ಹಕ್ಕಿ ಚೀನಾದ ಪೂರ್ವ ಕರಾವಳಿಯ ಕಡೆ ಹೋಗಿ ಕೂರುತ್ತದೆ.

ನಕ್ಷೆಗಳ ಫೋಲ್ಡರ್ ಮಾತ್ರ ತಾಳ್ಮೆ ಕೇಳುತ್ತದೆ. ಹೊಸಬರು ಹೆಚ್ಚಾಗಿ ಕೈಬಿಡುವುದು ಇಲ್ಲೇ, ಅದಕ್ಕೆ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಎಲ್ಲ ನಕ್ಷೆಗಳೂ ಎಎಸ್‌ಸಿ ಅನ್ನುವ ರೂಪದಲ್ಲಿರಬೇಕು, ಎಲ್ಲದರ ಅಂಚು, ಚೌಕದ ಅಳತೆ ಒಂದೇ ಇರಬೇಕು. ಒಂದು ಸಾಲು ಹೆಚ್ಚುಕಡಿಮೆ ಆದರೂ ಅಳತೆ ಹೊಂದುತ್ತಿಲ್ಲ ಅಂತ ಹೇಳಿ ನಿಂತುಬಿಡುತ್ತದೆ. ಅಂಥ ಫೈಲನ್ನು ನೋಟ್‌ಪ್ಯಾಡ್‌ನಲ್ಲಿ ತೆರೆಯಿರಿ. ಮೇಲಿನ ಆರು ಸಾಲು ನೋಡಿ. ಎಷ್ಟು ಕಾಲಂ, ಎಷ್ಟು ಸಾಲು, ಎಡ ಮೂಲೆ ಎಲ್ಲಿ, ಕೆಳ ಮೂಲೆ ಎಲ್ಲಿ, ಒಂದು ಚೌಕದ ಅಳತೆ ಎಷ್ಟು, ಮಾಹಿತಿ ಇಲ್ಲದ ಕಡೆ ಯಾವ ಸಂಖ್ಯೆ ಬರೆದಿದೆ. ಈ ಆರು ಸಾಲು ಎಲ್ಲ ಫೈಲಿನಲ್ಲೂ ಅಕ್ಷರಕ್ಕೆ ಅಕ್ಷರ ಒಂದೇ ಇದ್ದರೆ ಮ್ಯಾಕ್ಸೆಂಟ್ ಓಡುತ್ತದೆ. ಕ್ಯೂಜಿಐಎಸ್ ಅನ್ನುವ ನಕ್ಷೆ ಮಾಡುವ ಸಾಫ್ಟ್‌ವೇರಿನಿಂದ ಎಎಸ್‌ಸಿ ಮಾಡುವಾಗ ಚೌಕಗಳು ಸರಿಯಾಗಿ ಚೌಕ ಇಲ್ಲದಿದ್ದರೆ, ಅಂದರೆ ಅಗಲ ಎತ್ತರದಲ್ಲಿ ಕೂದಲೆಳೆ ವ್ಯತ್ಯಾಸ ಇದ್ದರೂ, ಚೌಕದ ಅಳತೆ ಅನ್ನುವ ಒಂದು ಸಾಲಿನ ಬದಲು ಡಿಎಕ್ಸ್, ಡಿವೈ ಅಂತ ಎರಡು ಸಾಲು ಬಂದುಬಿಡುತ್ತವೆ. ಅದು ಮ್ಯಾಕ್ಸೆಂಟಿಗೆ ಅರ್ಥ ಆಗುವುದಿಲ್ಲ. ಅಂಥಾಗ ಎಕ್ಸ್‌ಪೋರ್ಟ್ ಮಾಡುವ ಕಡೆ ಫೋರ್ಸ್ ಸೆಲ್‌ಸೈಜ್ ಅನ್ನುವ ಆಯ್ಕೆಗೆ ಯೆಸ್ ಕೊಡಬೇಕು. ಇದನ್ನು ಒಬ್ಬರು ಹೇಳಿಕೊಟ್ಟರೆ ಒಂದು ನಿಮಿಷದ ಕೆಲಸ, ಯಾರೂ ಹೇಳದಿದ್ದರೆ ಒಂದು ವಾರದ ತಲೆನೋವು.

ನಕ್ಷೆಗಳು ಎಲ್ಲಿ ಸಿಗುತ್ತವೆ? ಹವಾಮಾನಕ್ಕೆ ವರ್ಲ್ಡ್‌ಕ್ಲಿಮ್ ಇದೆ, ಪುಕ್ಕಟೆ, 1970ರಿಂದ 2000ದವರೆಗಿನ ಸರಾಸರಿ, ಸುಮಾರು ಒಂದು ಕಿಲೋಮೀಟರ್ ಚೌಕದವರೆಗೂ ಸಿಗುತ್ತದೆ. ನೆಲದ ಎತ್ತರ, ಮರಗಳ ಎತ್ತರ ಕೂಡ ಉಪಗ್ರಹಗಳ ಮಾಹಿತಿಯಿಂದ ಮಾಡಿದ್ದು ಪುಕ್ಕಟೆ ಇವೆ. ಕಡಲಿನಿಂದ ಎಷ್ಟು ದೂರ ಅನ್ನುವ ನಕ್ಷೆಯನ್ನು ಕ್ಯೂಜಿಐಎಸ್‌ನಲ್ಲಿ ನಾವೇ ಮಾಡಿಕೊಳ್ಳಬಹುದು. ಮುರ್‌ಲೆಟ್‌ಗೆ ಅದು ಇಲ್ಲದೆ ಆಗುವುದೇ ಇಲ್ಲ.

ಈಗ ಹಕ್ಕಿ ಕಂಡ ಜಾಗಗಳ ವಿಷಯ. ಜಿಬಿಐಎಫ್ ಅನ್ನುವ ಜಾಗತಿಕ ಭಂಡಾರದಲ್ಲಿ ಮುರ್‌ಲೆಟ್ ದಾಖಲೆಗಳು ರಾಶಿ ರಾಶಿ ಇವೆ. ಇಳಿಸಿಕೊಂಡು ಸುಮ್ನೆ ಹಾಗೇ ಮ್ಯಾಕ್ಸೆಂಟಿಗೆ ಹಾಕಬಾರದು. ಯಾಕೆ? ಜನ ಈ ಹಕ್ಕಿಯನ್ನು ನೋಡುವುದು ಕಡಲಿನ ಮೇಲೆ, ದಡದಲ್ಲಿ ನಿಂತು, ದೋಣಿಯಲ್ಲಿ ಕೂತು. ಆ ಬಿಂದುಗಳು ಹೇಳುವುದು ಅದು ಊಟ ಮಾಡುವ ಜಾಗವನ್ನು. ನಮಗೆ ಬೇಕಾಗಿರುವುದು ಗೂಡಿನ ಜಾಗ. ದಡದ ಚೌಕಗಳಲ್ಲಿ ಬಿದ್ದ ಬಿಂದುಗಳನ್ನು ತೆಗೆಯದೆ ಹಾಗೇ ಉಳಿಸಿಕೊಂಡರೆ ಸಾಫ್ಟ್‌ವೇರ್ ಪಾಪ ಏನು ಮಾಡುತ್ತದೆ, ಈ ಹಕ್ಕಿಗೆ ಮರಳ ದಂಡೆ, ಬಂದರು, ಲೈಟ್‌ಹೌಸ್ ಅಂದರೆ ಇಷ್ಟ ಅಂತ ಕಲಿತುಬಿಡುತ್ತದೆ. ಕಗ್ಗಲಡು ಕೊಕ್ಕರೆಗೂ ಇದೇ. ಕೆರೆಯಲ್ಲಿ ಮೇಯುವಾಗ ತೆಗೆದ ಫೋಟೋಗಳ ಜಾಗ ಕೊಟ್ಟರೆ ನಕ್ಷೆಯಲ್ಲಿ ಕೆರೆಗಳೇ ಕೆಂಪಾಗುತ್ತವೆ, ಹುಣಸೆ ಮರ ಎಲ್ಲಿದೆ ಅಂತ ಅದಕ್ಕೆ ಗೊತ್ತೇ ಆಗುವುದಿಲ್ಲ. ಇಂಥ ಬಿಂದುಗಳು ಬೇರೆ ಬೇರೆ ಕೆಲಸದವು ಅಂತ ಎಚ್ಚರಿಸುವ ವ್ಯವಸ್ಥೆ ಮ್ಯಾಕ್ಸೆಂಟಿನಲ್ಲಿ ಇಲ್ಲ. ಅದು ನಮ್ಮ ಜವಾಬ್ದಾರಿ.

ಗೂಡಿನ ಬಿಂದುಗಳೇ ಸಿಗದಿದ್ದರೆ ಏನು ಮಾಡುತ್ತಾರೆ? ಅಲ್ಲಿನವರು ಬೆಳಗಿನ ಜಾವ ಕಾಡಿನಲ್ಲಿ ನಿಂತು ಕೇಳುತ್ತಾರೆ, ನೋಡುತ್ತಾರೆ. ಹಕ್ಕಿ ಮರಗಳ ತಲೆಗಿಂತ ಕೆಳಗೆ, ಕೊಂಬೆಗಳ ಮಧ್ಯೆ ಹಾರಿದರೆ ಅಲ್ಲಿ ಗೂಡು ಇರುವ ಸಾಧ್ಯತೆ ಜಾಸ್ತಿ ಅಂತ ಗುರುತು ಹಾಕುತ್ತಾರೆ. ಕೆನಡಾದ ಬ್ರಿಟಿಷ್ ಕೊಲಂಬಿಯಾದಲ್ಲಿ ಹಡಗಿನ ರೇಡಾರ್ ಇಟ್ಟು ನಸುಕಿನಲ್ಲಿ ಕಡಲಿನಿಂದ ಕಣಿವೆಗೆ ಹೋಗುವ ಹಕ್ಕಿಗಳನ್ನು ಎಣಿಸಿದ್ದಾರೆ, ಹಕ್ಕಿಗೆ ಸಣ್ಣ ರೇಡಿಯೋ ಕಟ್ಟಿ ಗೂಡಿನವರೆಗೆ ಹಿಂಬಾಲಿಸಿದ್ದಾರೆ. ಒಂದೊಂದು ಬಿಂದುವಿನ ಹಿಂದೆ ಯಾರದೋ ಚಳಿಯಲ್ಲಿ ನಿಂತ ಬೆಳಗು ಇದೆ. ಅದನ್ನು ಗೊತ್ತುಮಾಡಿಕೊಂಡು ಬಳಸಿದರೆ ಸಿಎಸ್‌ವಿ ಫೈಲ್ ಬೇರೆ ಥರ ಕಾಣುತ್ತದೆ.

ಇನ್ನೊಂದು ತೊಡಕು. ಜನ ಹೋಗುವ ಕಡೆ ಮಾತ್ರ ಹಕ್ಕಿ ದಾಖಲಾಗುತ್ತದೆ. ರಸ್ತೆ ಪಕ್ಕ, ಕ್ಯಾಂಪ್ ಹಾಕುವ ಕಡೆ, ಗೇಟಿನ ಹತ್ತಿರ. ಮ್ಯಾಕ್ಸೆಂಟ್ ಸುತ್ತಲಿನ ಪ್ರದೇಶದಿಂದ ತಾನಾಗಿಯೇ 10,000 ಹಿನ್ನೆಲೆ ಬಿಂದುಗಳನ್ನು ಆರಿಸಿಕೊಂಡು ಹೋಲಿಸುತ್ತದೆ. ಆ ಬಿಂದುಗಳು ಎಲ್ಲ ಕಡೆ ಸಮವಾಗಿ ಹರಡಿದ್ದು, ನಮ್ಮ ಹಕ್ಕಿ ಬಿಂದುಗಳು ಮಾತ್ರ ರಸ್ತೆ ಪಕ್ಕ ಇದ್ದರೆ, ಹಕ್ಕಿಗೆ ರಸ್ತೆ ಇಷ್ಟ ಅನ್ನುವ ಉತ್ತರ ಬರುತ್ತದೆ. ಇದಕ್ಕೆ ಬಯಾಸ್ ಫೈಲ್ ಅಂತ ಒಂದು ಅವಕಾಶ ಸೆಟ್ಟಿಂಗ್ಸ್ ಒಳಗೆ ಇದೆ. ಜನ ಎಲ್ಲಿ ಜಾಸ್ತಿ ಹುಡುಕಿದ್ದಾರೆ ಅನ್ನುವ ನಕ್ಷೆ ಕೊಟ್ಟರೆ ಹಿನ್ನೆಲೆ ಬಿಂದುಗಳನ್ನೂ ಅದೇ ಅಳತೆಯಲ್ಲಿ ಆರಿಸುತ್ತದೆ. ತುಂಬಾ ಒಳ್ಳೆಯ ಅನುಕೂಲ, ಆದರೆ ಎರಡನೇ ಪುಟದಲ್ಲಿ ಮೂಲೆಯಲ್ಲಿ ಕೂತಿದೆ. ಅದನ್ನು ಮೊದಲ ಕಿಟಕಿಯಲ್ಲೇ ಇಡಬೇಕಿತ್ತು ಅನ್ನುವುದು ನನ್ನ ಅಭಿಪ್ರಾಯ.

ರನ್ ಒತ್ತಿದ ಮೇಲೆ ಒಂದು ವೆಬ್ ಪುಟ ತಯಾರಾಗುತ್ತದೆ. ಚೆನ್ನಾಗಿದೆ, ನಿಜಕ್ಕೂ ಚೆನ್ನಾಗಿದೆ. ನಕ್ಷೆಯಲ್ಲಿ ಕೆಂಪು ಅಂದರೆ ಹಕ್ಕಿಗೆ ಹೊಂದುವ ಜಾಗ, ನೀಲಿ ಅಂದರೆ ಹೊಂದದ ಜಾಗ. ಸಾಫ್ಟ್‌ವೇರ್ ಕಲಿಯಲು ಬಳಸಿದ ಬಿಂದುಗಳು ಬಿಳಿ, ಪರೀಕ್ಷೆಗೆ ಎತ್ತಿಟ್ಟವು ನೇರಳೆ. ರೆಸ್ಪಾನ್ಸ್ ಕರ್ವ್ಸ್ ಅನ್ನುವ ಕಡೆ ಗುರುತು ಹಾಕಿದ್ದರೆ ಒಂದೊಂದು ನಕ್ಷೆಗೂ ಒಂದೊಂದು ಗೆರೆ ಬರುತ್ತದೆ, ಮರದ ಎತ್ತರ ಏರಿದ ಹಾಗೆ ಹೊಂದಾಣಿಕೆ ಹೇಗೆ ಏರುತ್ತದೆ, ಕಡಲಿನಿಂದ ದೂರ ಹೋದ ಹಾಗೆ ಹೇಗೆ ಇಳಿಯುತ್ತದೆ ಅಂತ. ಮಕ್ಕಳಿಗೆ ಈ ಗೆರೆಗಳೇ ಪಾಠ. ಜ್ಯಾಕ್‌ನೈಫ್ ಅನ್ನುವ ಗುರುತು ಹಾಕಿದ್ದರೆ ಒಂದು ನಕ್ಷೆ ತೆಗೆದರೆ ಎಷ್ಟು ನಷ್ಟ, ಅದೊಂದನ್ನೇ ಇಟ್ಟುಕೊಂಡರೆ ಎಷ್ಟು ಲಾಭ ಅಂತ ಪಟ್ಟಿಗಳಲ್ಲಿ ತೋರಿಸುತ್ತದೆ.

ಹಕ್ಕಿ ಕಂಡ ಜಾಗವನ್ನು ಹಿನ್ನೆಲೆಯಿಂದ ಎಷ್ಟು ಚೆನ್ನಾಗಿ ಬೇರೆ ಮಾಡಿ ಗುರುತಿಸಿತು ಅನ್ನುವುದಕ್ಕೆ ಎಯುಸಿ ಅಂತ ಒಂದು ಅಂಕ ಕೊಡುತ್ತದೆ, 1ಕ್ಕೆ ಹತ್ತಿರ ಇದ್ದಷ್ಟೂ ಒಳ್ಳೆಯದು, 0.5 ಅಂದರೆ ಕಾಸು ಚಿಮ್ಮಿ ಹೇಳಿದ ಹಾಗೆ. ಇದನ್ನು ನೋಡಿ ಮಕ್ಕಳು ಕುಣಿದಾಡುತ್ತಾರೆ. ನಾನು ಕುಣಿಯಲು ಬಿಡುವುದಿಲ್ಲ. ಯಾಕಂದರೆ ಕರಾವಳಿ ಹಕ್ಕಿಗೆ ಇಡೀ ಅಮೆರಿಕ ಖಂಡವನ್ನು ಹಿನ್ನೆಲೆ ಕೊಟ್ಟರೆ ಎಯುಸಿ ತಾನಾಗಿ ಮೇಲೆ ಹೋಗುತ್ತದೆ. ಮರುಭೂಮಿಯಲ್ಲಿ ಮುರ್‌ಲೆಟ್ ಇಲ್ಲ ಅಂತ ಹೇಳುವುದಕ್ಕೆ ಸಾಫ್ಟ್‌ವೇರ್ ಬೇಕಾ? ಹಕ್ಕಿ ಹಾರಿ ಹೋಗಬಲ್ಲ ದೂರದೊಳಗಿನ ಕಾಡನ್ನೇ ಹಿನ್ನೆಲೆಯಾಗಿ ಕೊಟ್ಟು, ಆಮೇಲೂ ಅಂಕ ಚೆನ್ನಾಗಿ ಬಂದರೆ ಅದು ನಿಜವಾದ ಅಂಕ. ಪರೀಕ್ಷೆಗೆ ಎತ್ತಿಡುವ ಬಿಂದುಗಳ ಪ್ರಮಾಣ ಮೊದಲಿಗೆ ಸೊನ್ನೆ ಇರುತ್ತದೆ, ಅದನ್ನೂ ಬದಲಿಸಬೇಕು. ಓದಿದ ಪ್ರಶ್ನೆಗಳನ್ನೇ ಪರೀಕ್ಷೆಯಲ್ಲಿ ಕೇಳಿದರೆ ಎಲ್ಲರೂ ಪಾಸು, ಅಲ್ವಾ.

ಈಗ ಆ ಒಂದು ಸ್ಟಾರ್ ವಿಷಯ. ಫೈಲುಗಳ ಅಳತೆ ಹೊಂದಿದರೆ ಸಾಕು, ಮ್ಯಾಕ್ಸೆಂಟ್ ಏನೇ ಕೊಟ್ಟರೂ ಓಡುತ್ತದೆ, ಏನೇ ಕೊಟ್ಟರೂ ಚಂದದ ನಕ್ಷೆ ಕೊಡುತ್ತದೆ. ಅದರ ಶಕ್ತಿಯೂ ಅದೇ, ಅಪಾಯವೂ ಅದೇ. ಮುರ್‌ಲೆಟ್‌ಗೆ ಬೇಕಾಗಿರುವುದು ಏನು? ಕನಿಷ್ಠ 10 ಸೆಂಟಿಮೀಟರ್ ದಪ್ಪದ, ನೆಲದಿಂದ 10 ಮೀಟರಿಗೂ ಮೇಲಿರುವ, ಮೊಟ್ಟೆ ಉರುಳದಂಥ ಅಗಲ ಕೊಂಬೆ. ಅದರ ಮೇಲೆ ನೆರಳು, ಪಕ್ಕದಲ್ಲಿ ಹಾರಿ ಬರಲು ಸ್ವಲ್ಪ ಸಂದು. ಒಂದು ಕಿಲೋಮೀಟರ್ ಚೌಕದ ಮಳೆ ನಕ್ಷೆಯಲ್ಲಿ ಆ ಕೊಂಬೆ ಎಲ್ಲಿದೆ? ಇಲ್ಲ. ಪುಕ್ಕಟೆ ಸಿಗುವ ಹವಾಮಾನದ ನಕ್ಷೆಗಳನ್ನಷ್ಟೇ ಹಾಕಿದರೆ ಮಂಜು ಬೀಳುವ ಇಡೀ ಕರಾವಳಿ ಕೆಂಪಾಗುತ್ತದೆ. ಅದರಲ್ಲಿ ನಲವತ್ತು ವರ್ಷದ ನೆಟ್ಟ ತೋಪೂ ಸೇರಿಕೊಳ್ಳುತ್ತದೆ, ಐನೂರು ವರ್ಷದ ಕಾಡೂ ಸೇರಿಕೊಳ್ಳುತ್ತದೆ. ಹಕ್ಕಿಗೆ ಮೊದಲನೆಯದರಲ್ಲಿ ಜಾಗವೇ ಇಲ್ಲ. ಅಷ್ಟು ದಪ್ಪದ ಹಾವಸೆ ಹೊದ್ದ ಕೊಂಬೆ ಬರುವುದಕ್ಕೆ ಹೆಚ್ಚಾಗಿ ನೂರಾರು ವರ್ಷ ಬೇಕು. ಅದಕ್ಕೇ ಅಲ್ಲಿನವರು ಕಾಡಿನಲ್ಲಿ ಅಳೆದ ತುಂಡುಗಳ ಮಾಹಿತಿಯನ್ನು ಉಪಗ್ರಹ ಚಿತ್ರಕ್ಕೆ ಜೋಡಿಸಿದರು, ಒರೆಗಾನ್‌ನಲ್ಲಿ ವಿಮಾನದಿಂದ ಲೇಸರ್ ಹಾಯಿಸಿ ಮರಗಳ ಎತ್ತರ, ಹೊದಿಕೆಯ ಏರುಪೇರು ಅಳೆದು ಲೆಕ್ಕದ ಮಾದರಿ ಮಾಡಿದರು. ಸಾಫ್ಟ್‌ವೇರ್ ಅದೇ ಇರಲಿ ಬೇರೆ ಇರಲಿ, ವ್ಯತ್ಯಾಸ ಬಂದದ್ದು ಕೊಟ್ಟ ನಕ್ಷೆಯಿಂದ.

ಕಾಡು ಸರಿ ಇದ್ದರೂ ಮುಗಿಯಲಿಲ್ಲ. ಮೊಟ್ಟೆ, ಮರಿ ಕದಿಯುವವು ಸ್ಟೆಲ್ಲರ್ಸ್ ಜೇ ಮತ್ತು ರೇವನ್, ಎರಡೂ ಕಾಗೆ ಕುಟುಂಬದವು. ಕ್ಯಾಂಪಿಗೆ ಬಂದವರು ಬಿಟ್ಟುಹೋದ ಬ್ರೆಡ್ಡು, ಚಿಪ್ಸು ತಿಂದು ಅವುಗಳ ಸಂಖ್ಯೆ ಅಲ್ಲೇ ಹೆಚ್ಚುತ್ತದೆ, ಆಮೇಲೆ ಮೇಲಿನ ಕೊಂಬೆಯ ಕಡೆ ಕಣ್ಣು ಹಾಕುತ್ತವೆ. ಬಿಗ್ ಬೇಸಿನ್ ಕಡೆಯ ಉದ್ಯಾನಗಳಲ್ಲಿ ಬಂದವರಿಗೆಲ್ಲ ಒಂದು ತುಣುಕೂ ಬಿಡಬೇಡಿ ಅಂತ ಅಭಿಯಾನವನ್ನೇ ಮಾಡಿದರು. ಮರದ ಎತ್ತರದ ನಕ್ಷೆ ನೋಡಿದರೆ ಅಂಥ ಜಾಗ ಕಡು ಕೆಂಪು, ನೂರಕ್ಕೆ ನೂರು. ಮರಿ ಬದುಕುತ್ತದಾ ಅನ್ನುವುದು ಬೇರೆ ಪ್ರಶ್ನೆ, ಅದಕ್ಕೆ ಮ್ಯಾಕ್ಸೆಂಟ್ ಉತ್ತರ ಕೊಡುವುದಿಲ್ಲ. ಹಕ್ಕಿ ಕಂಡ ಜಾಗದ ಹಾಗಿರುವ ಜಾಗ ಅಂತ ಅಷ್ಟೇ ಹೇಳುತ್ತದೆ. ಬಹಳ ಜನ ಇದನ್ನು ಹಕ್ಕಿ ಇದೆ ಅಂತಲೇ ಓದುತ್ತಾರೆ, ವರದಿಯಲ್ಲೂ ಹಾಗೇ ಬರೆದುಬಿಡುತ್ತಾರೆ. ಫಲಿತಾಂಶದ ಪುಟದ ತಲೆಯ ಮೇಲೇ ದೊಡ್ಡ ಅಕ್ಷರದಲ್ಲಿ ಈ ಮಾತು ಇದ್ದಿದ್ದರೆ ಐದನೇ ಸ್ಟಾರ್ ಖಂಡಿತ ಕೊಡುತ್ತಿದ್ದೆ.

ಒಂದು ಜಾಗದಲ್ಲಿ ಕಲಿತ ಲೆಕ್ಕವನ್ನು ಬೇರೆ ಕಡೆಗೆ ಎಳೆಯುವಾಗಲೂ ಹುಷಾರು. ಅಲಾಸ್ಕಾದಲ್ಲಿ ಮರ ಇಲ್ಲದ ಕಡೆ ಇದೇ ಹಕ್ಕಿ ನೆಲದ ಮೇಲೂ ಮೊಟ್ಟೆ ಇಡುತ್ತದೆ. ಕ್ಯಾಲಿಫೋರ್ನಿಯಾದಲ್ಲಿ ಕಲಿತ ಮಾದರಿಗೆ ಅದು ತಲೆಗೇ ಹೋಗುವುದಿಲ್ಲ. ಕಲಿಯುವಾಗ ಕಾಣದಂಥ ಹವಾಮಾನ ಎಲ್ಲೆಲ್ಲಿದೆ ಅಂತ ತೋರಿಸುವ ನಕ್ಷೆಯೂ ಮ್ಯಾಕ್ಸೆಂಟ್ ಕೊಡುತ್ತದೆ, ತೆರೆದು ನೋಡುವವರು ಕಡಿಮೆ.

ಕಗ್ಗಲಡುವಿಗೆ ಬರುತ್ತೇನೆ. ಮುರ್‌ಲೆಟ್ ಮೇಲೆ ಕೈ ಪಳಗಿದ ಮೇಲೆ ನಮ್ಮ ಮಕ್ಕಳು ಕೇಳಿದ್ದು ಒಂದೇ. ಶಿರಾ, ಮಧುಗಿರಿ, ಪಾವಗಡ ಕಡೆ ಕೊಕ್ಕರೆ ಗೂಡು ಕಟ್ಟಬಹುದಾದ ಬೇರೆ ಊರುಗಳು ಯಾವುವು? ಮಳೆ ನಕ್ಷೆ ಹಾಕಿದರೆ ಮೂರು ತಾಲ್ಲೂಕೂ ಒಂದೇ ಬಣ್ಣ. ಕೆರೆಯಿಂದ ದೂರ ಅನ್ನುವ ನಕ್ಷೆ ಹಾಕಿದರೆ ಸ್ವಲ್ಪ ಬೇರೆಯಾಗುತ್ತದೆ, ಆದರೆ ನಕ್ಷೆಯಲ್ಲಿ ಕೆರೆ ಇದ್ದ ಮಾತ್ರಕ್ಕೆ ಅದರಲ್ಲಿ ನೀರು ಇದೆ ಅಂತ ಅಲ್ಲ, ಅದು ನಮ್ಮ ಜಿಲ್ಲೆಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ದೊಡ್ಡ ಹುಣಸೆ ಮರಗಳ ನಕ್ಷೆ ನಾವು ಹುಡುಕಿದ ಕಡೆಯೆಲ್ಲೂ ಸಿಗಲಿಲ್ಲ. ಎಲ್ಲಕ್ಕಿಂತ ದೊಡ್ಡದು, ಕಗ್ಗಲಡುವಿನ ಜನ ಆ ಹಕ್ಕಿಗಳನ್ನು ಓಡಿಸದೆ, ಕಲ್ಲು ಹೊಡೆಯಲು ಬಿಡದೆ, ಮನೆ ಪಕ್ಕದ ಮರದಿಂದ ಬೀಳುವ ಹಿಕ್ಕೆ, ಮೀನಿನ ವಾಸನೆ ಎಲ್ಲ ಸಹಿಸಿಕೊಂಡು ಕಾಪಾಡುತ್ತಿದ್ದಾರೆ. ಆ ಸಹನೆಯ ನಕ್ಷೆಯನ್ನು ಯಾವ ಉಪಗ್ರಹ ಕೊಡುತ್ತದೆ? ಮಕ್ಕಳೇ ಹಳ್ಳಿಗೆ ಹೋಗಿ ಕೇಳಿ ಬರೆದುಕೊಂಡು ಬರಬೇಕು. ಮುರ್‌ಲೆಟ್ ಇಟ್ಟುಕೊಂಡು ಕಲಿಸಿದ್ದಕ್ಕೆ ನನಗೆ ಸಿಕ್ಕ ಫಲ ಇದು. ಲ್ಯಾಪ್‌ಟಾಪ್ ಮುಚ್ಚಿ ಹಳ್ಳಿಗೆ ಹೊರಡೋಣ ಅಂತ ಅವರಾಗಿಯೇ ಹೇಳಿದರು.

ದೇವರಾಯನದುರ್ಗ, ನಂದಿ ಬೆಟ್ಟದ ಕಡೆ ಇರುವ ಹಳದಿ ಕೊರಳಿನ ಪಿಕಳಾರಕ್ಕೆ ಮ್ಯಾಕ್ಸೆಂಟ್ ಇನ್ನೂ ಚೆನ್ನಾಗಿ ಹೊಂದುತ್ತದೆ ಅನ್ನಿಸುತ್ತದೆ. ಅದಕ್ಕೆ ಬೇಕಾದ ಬಂಡೆ, ಕುರುಚಲು, ಇಳಿಜಾರು ಎಲ್ಲ ನಕ್ಷೆಯಲ್ಲಿ ಹಿಡಿಯಬಹುದು. ಕೋಲಾರ, ಚಿಕ್ಕಬಳ್ಳಾಪುರದ ಕಾಲೇಜಿನವರು ಯಾರಾದರೂ ಕೈಗೆತ್ತಿಕೊಂಡರೆ ತುಂಬಾ ಖುಷಿ.

ಯಾರು ಇಳಿಸಿಕೊಳ್ಳಬೇಕು ಅಂತ ಕೇಳಿದರೆ, ಡಿಗ್ರಿ, ಎಂಎಸ್ಸಿ ಮಕ್ಕಳು, ಅರಣ್ಯ ಇಲಾಖೆಯಲ್ಲಿ ಕೆಲಸ ಮಾಡುವವರು, ಹಕ್ಕಿ ನೋಡುವ ಹವ್ಯಾಸದವರು ಕಣ್ಣು ಮುಚ್ಚಿಕೊಂಡು ಇಳಿಸಿಕೊಳ್ಳಿ. 4 ಜಿಬಿ ಮೆಮೊರಿ ಇದ್ದರೂ ಒಂದು ಜಿಲ್ಲೆಯ ಮಟ್ಟಕ್ಕೆ ಸಾಕು. ಇಡೀ ಅಮೆರಿಕದ ಕರಾವಳಿಯನ್ನು 30 ಮೀಟರ್ ಚೌಕದಲ್ಲಿ ಮಾಡಲು ಮಾತ್ರ ಹೋಗಬೇಡಿ, ಲ್ಯಾಪ್‌ಟಾಪ್ ತಡೆಯುವುದಿಲ್ಲ. ಇಂಟರ್‌ನೆಟ್ ಚೆನ್ನಾಗಿದ್ದರೆ ಗೂಗಲ್ ಅರ್ಥ್ ಎಂಜಿನ್ ಒಳಗೂ ಮ್ಯಾಕ್ಸೆಂಟ್ ಇದೆ, ಅಲ್ಲಿ ಭಾರವೆಲ್ಲ ಅವರ ಕಂಪ್ಯೂಟರಿಗೆ, ಆದರೆ ಸ್ವಲ್ಪ ಕೋಡ್ ಬರೆಯಬೇಕು. ಆರ್ ಅನ್ನುವ ಪ್ರೋಗ್ರಾಮಿಂಗ್ ಭಾಷೆ ಗೊತ್ತಿದ್ದವರಿಗೆ ಅದರಲ್ಲಿ ಇದೇ ಕೆಲಸ ಮಾಡುವ ಮ್ಯಾಕ್ಸ್‌ನೆಟ್ ಇದೆ. ಹೊಸಬರಿಗೆ ನಾನು ಹೇಳುವುದು ಆ ಹಳೇ ಬೂದು ಕಿಟಕಿಯನ್ನೇ.

ಶಿರಾ ಕಡೆಯವರು ಇದನ್ನು ಓದುತ್ತಿದ್ದರೆ ಒಂದು ಸಹಾಯ ಮಾಡಿ. ನಿಮ್ಮೂರಿನ ಹಳೇ ಹುಣಸೆ ಮರದ ಹತ್ತಿರ ನಿಂತು ಫೋನಿನಲ್ಲಿ ಜಾಗದ ಗುರುತು ತೆಗೆದುಕೊಳ್ಳಿ. ಎದೆಯೆತ್ತರದಲ್ಲಿ ಬೊಡ್ಡೆಯ ಸುತ್ತಳತೆ, ಹತ್ತಿರದ ಕೆರೆ ಯಾವುದು, ಬೇಸಿಗೆಯಲ್ಲಿ ಅದರಲ್ಲಿ ನೀರು ಇರುತ್ತದಾ, ಹಿಂದೆ ಯಾವತ್ತಾದರೂ ಕೊಕ್ಕರೆ ಕೂತಿತ್ತಾ ಅಂತ ಮನೆಯ ಹಿರಿಯರನ್ನು ಕೇಳಿ ಬರೆದಿಡಿ. ಕೊಕ್ಕರೆ ಕೂರದ ಮರದ್ದೂ ಬರೆಯಿರಿ. ನಾಲ್ಕು ಜನ ಸೇರಿ ಒಂದು ಹೋಬಳಿ ಮುಗಿಸಿದರೂ ನಮ್ಮ ಮಕ್ಕಳ ಫೋಲ್ಡರಿಗೆ ಇಲ್ಲಿಯವರೆಗೆ ಇಲ್ಲದ ಒಂದು ನಕ್ಷೆ ಸೇರುತ್ತದೆ.